ಕೂಸಿನ ಹಣೆಯ ಮೇಲೆ ಎರಡು ಬೆಣೆ

ಅಕ್ಷರ ಬಾರದವಳಾಗಿದ್ದರೆ ಬಾನಿತು ಅದನ್ನೊಂದು ಗೀರು ಎಂದುಕೊಂಡು, ಎಣ್ಣೆ ಸವರಿ ಮರೆತುಬಿಡುತ್ತಿದ್ದಳು.

ಕೂಸು ಹುಟ್ಟಿ ಹನ್ನೆರಡನೆಯ ದಿನ. ಅಂಗಳದ ಎಳೆಬಿಸಿಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಬೆಚ್ಚಗಿನ ಎಳ್ಳೆಣ್ಣೆಯನ್ನು ನೆತ್ತಿಯಿಂದ ಕೆಳಕ್ಕೆ ಸವರುತ್ತಿದ್ದಳು. ನೆತ್ತಿ, ಹಣೆ, ಹುಬ್ಬು. ಎಡಹುಬ್ಬಿನ ಮೇಲೆ ಬೆರಳಿಗೆ ಏನೋ ತಡೆಯಿತು. ಬಗ್ಗಿ ನೋಡಿದಳು. ಒಂದು ಅಡ್ಡಗೀರು. ಅದರ ತುದಿಗೆ ತಾಗಿಕೊಂಡು ಒಂದು ಕೊಕ್ಕೆ. ಗೀರು ತೆಳುಗೆಂಪು, ಕೊಕ್ಕೆ ಇನ್ನೂ ಗಾಢ. ಹಸಿ ಮಣ್ಣಿಗೆ ಕಡ್ಡಿ ಒತ್ತಿ ಬರೆದ ಹಾಗೆ, ಮಲಗಿದ ಬೆಣೆಯೊಂದು, ಮೂಲೆಯ ಬೆಣೆಯೊಂದು.

ನೋಡುವುದೂ ಓದುವುದೂ ಅವಳಿಗೆ ಒಂದೇ ಆಗಿ ಹದಿನೈದು ವರ್ಷವಾಗಿತ್ತು. ಬೇಡವೆಂದರೂ ಕಣ್ಣು ಓದಿ ಮುಗಿಸಿತ್ತು. ‘ಬೆ’.

ಎಣ್ಣೆಯ ಬಟ್ಟಲು ಉರುಳಿತು. ಒಳಗಿನಿಂದ ಅತ್ತೆ ಉರ್ಕಿತ್ತು ಕೂಗಿದಳು: “ಏನೇ ಅದು ಸದ್ದು?”

“ಏನಿಲ್ಲ ಅತ್ತೆ. ಬಟ್ಟಲು.”

“ಎಣ್ಣೆ ಹೋಯ್ತಾ? ಹೋಗ್ಲಿ ಬಿಡು. ಕೂಸು ಕೈಲಿದೆ ತಾನೇ?”

ಇದೆ ಎಂದಳು. ಇದ್ದ ಕೂಸನ್ನು ಎದೆಗೆ ಒತ್ತಿಕೊಂಡಳು.

ಅವಳ ಅಪ್ಪ ಉಬ್ರು, ಕಲ್ಖು ಪಟ್ಟಣದ ಕೋಟೆಯೊಳಗೆ ಮಣ್ಣಿನ ಹಲಗೆ ಬರೆಯುತ್ತಿದ್ದವನು. ಹುಟ್ಟಿದ ಗಂಡುಮಕ್ಕಳು ಒಬ್ಬರೂ ಉಳಿಯಲಿಲ್ಲ. ಉಳಿದ ಒಬ್ಬಳು ಹೆಣ್ಣಿಗೆ ಜೊಂಡಿನ ಕಡ್ಡಿ ಹಿಡಿಸಿದ. ಕೇಳಿದ ನೆಂಟರಿಗೆ, “ರಾಣಿಯ ಅರಮನೆಯಲ್ಲಿ ಹೆಂಗಸರೂ ಬರೀತಾರೆ, ಹೋಗಿ ನೋಡ್ಕೊಂಡು ಬನ್ನಿ” ಎನ್ನುತ್ತಿದ್ದ. ಅವರ ಮನೆಯ ಬಾಗಿಲ ಬುಡಕ್ಕೆ ದಕ್ಷಿಣದಿಂದ ಬಂದ ಹಳೆಯ ಕಲ್ಲೊಂದು ಇತ್ತು. ಬಾಗಿಲ ಗೂಟ ತಿರುಗುವ ಗುಳಿ ಅದರಲ್ಲಿ, ಸುತ್ತಲೂ ಯಾವುದೋ ಕಾಲದ ಅಕ್ಷರಗಳು. ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಅಪ್ಪ ಪಾಠ ಹೇಳುತ್ತಿದ್ದ.

“ಇಲ್ಲಿ ನೋಡು, ಇದು ‘ಬೆ’. ಗುರುತು ಸಿಗ್ತಾ?”

“ಇದಾ? ಇದು ನಿಂತಿದೆಯಲ್ಲಪ್ಪಾ.”

“ಆಗೆಲ್ಲಾ ಎಲ್ಲಾ ಅಕ್ಷರವೂ ನಿಂತೇ ಇರ್ತಿದ್ವು ಕಣೇ. ಹಲಗೆ ಹಿಡಿಯೋ ರೀತಿ ಬದಲಾಯ್ತು, ಎಲ್ಲಾ ಬೆನ್ನಿನ ಮೇಲೆ ಮಲಗಿಬಿಟ್ವು. ಆಮೇಲೆ ಗೆರೆ ಎಳೆಯೋದು ಬಿಟ್ಟು ಕಡ್ಡಿಯ ಮೂಲೆ ಒತ್ತೋಕೆ ಶುರು ಮಾಡಿದ್ರು. ಅವಸರದವರು ಒಂದೊಂದೇ ಬೆಣೆ ಕಳಚಿದ್ರು. ಈಗ ಉಳಿದಿರೋದು ಎರಡು.”

“ಅದಕ್ಕೂ ಮುಂಚೆ ಏನಿತ್ತು?”

“ಯಾವುದೋ ಚಿತ್ರ. ಬಾಣ ಅಂತಾರೆ ಕೆಲವರು. ನೆಲಕ್ಕೆ ಒರಗಿದ ಮನುಷ್ಯ ಅಂತಾರೆ ಕೆಲವರು. ಬರೆದವರನ್ನ ಕೇಳೋಣ ಅಂದ್ರೆ ಸುಮೇರದವರ ಮಾತು ಈಗ ಯಾವ ತಾಯಿಯ ಬಾಯಲ್ಲೂ ಇಲ್ಲ.”

ಆ ಸುಮೇರದವರಿಗೆ ಅದು ಸಾವು. ರಕ್ತವೂ ಅದೇ. ಹಳತಾಗುವುದು, ಮುಗಿಯುವುದು, ತೆರೆಯುವುದು, ದೂರವಾಗುವುದು, ಎಲ್ಲಕ್ಕೂ ಅದೇ. ಆಮೇಲೆ ಬಂದ ಅಕ್ಕಾಡಿನವರು ದನಿಯನ್ನಷ್ಟೇ ತೆಗೆದುಕೊಂಡರು: ಬೆ, ಬತ್, ತಿಲ್. ಶಕುನ ಬರೆಯುವವರು ಅದನ್ನು ಎತ್ತಿಕೊಂಡು ಹೋಗಿ ಪ್ರತಿ ಸಾಲಿನ ತಲೆಗೆ ಕೂರಿಸಿದರು. ಅಲ್ಲಿ ಅದು ‘ಒಂದು ವೇಳೆ’. ಒಂದು ವೇಳೆ ಕುರಿಯ ಪಿತ್ತಕೋಶ ಎಡಕ್ಕೆ ವಾಲಿದ್ದರೆ. ಒಂದು ವೇಳೆ ಚಂದ್ರನ ಸುತ್ತ ಬಳೆ ಕಟ್ಟಿದ್ದರೆ.

“ಹತ್ತು ಮನೆಗೆ ದುಡಿಯೋ ಆಳು ಇದು. ಯಾವ ಮನೇಲಿದೆ ಅಂತ ನೋಡಿಕೊಳ್ದೆ ಕೂಗಬೇಡ” ಎಂದು ಅಪ್ಪ ನಗುತ್ತಿದ್ದ. ಇನ್ನೊಂದು ಮಾತನ್ನು ಮಾತ್ರ ನಗದೆ ಹೇಳುತ್ತಿದ್ದ. ಹಳೆಯ ಹಲಗೆ ನೋಡಿ ಹೊಸದಕ್ಕೆ ಇಳಿಸುವಾಗ ಮೂಲ ಒಡೆದಿದ್ದರೆ ಆ ಜಾಗದಲ್ಲಿ ‘ಒಡೆದಿದೆ’ ಎಂದೇ ಬರೆಯಬೇಕು. ಏನಿತ್ತೆಂದು ಗೊತ್ತಿದ್ದ ಹಾಗೆ ಅನ್ನಿಸಿದರೂ ತಲೆಯಿಂದ ತುಂಬಬಾರದು. ತುಂಬಿದವನ ಕೈಯಿಂದ ಕಡ್ಡಿ ಕಸಿದುಕೊಳ್ಳುತ್ತಾರೆ.

ಎಣ್ಣೆ ಚೆಲ್ಲಿದ ಅಂಗಳದಲ್ಲಿ ಕೂತ ಬಾನಿತುವಿಗೆ ಹತ್ತು ಮನೆಗಳಲ್ಲಿ ಮೊದಲನೆಯದಷ್ಟೇ ನೆನಪಾಯಿತು.

ಹಸಿ ಮಣ್ಣಿನಲ್ಲಿ ಅಕ್ಷರ ತಪ್ಪಿದರೆ ಹೆಬ್ಬೆರಳ ಹೊಟ್ಟೆಯಿಂದ ಒಂದು ಸಲ ನೇವರಿಸಿದರೆ ಸಾಕು, ಮಣ್ಣು ಮತ್ತೆ ಮೌನವಾಗುತ್ತದೆ. ಅವಳ ಹೆಬ್ಬೆರಳು ತಾನಾಗಿಯೇ ಅದನ್ನೇ ಮಾಡಿತು. ಒಂದು ಸಲ, ಎರಡು ಸಲ, ಹತ್ತು ಸಲ. ಕೂಸು ಕಿರುಚಿತು. ಹಣೆ ಇಡೀ ಕೆಂಪಾಯಿತು. ಕೆಂಪು ಇಳಿದಾಗ ಎರಡು ಬೆಣೆ ಮೊದಲಿಗಿಂತ ಚೆನ್ನಾಗಿ ಕಾಣುತ್ತಿದ್ದವು.

ಅವತ್ತಿನಿಂದ ಕೂಸಿನ ತಲೆಗೆ ಕುಲಾವಿ ಬಂತು.

“ಈ ಸೆಖೆಯಲ್ಲಿ ಕುಲಾವಿ ಯಾಕೆ ಕಟ್ಟೀಯೆ? ಅದೇನು ರೊಟ್ಟಿನಾ, ಬೆಂದುಕೊಳ್ಳೋಕೆ?” ಎಂದಳು ಅತ್ತೆ.

“ಗಾಳಿ ಅತ್ತೆ. ನದಿ ಕಡೆಯ ಗಾಳಿ.”

ಗಾಳಿಯ ಹೆಸರು ಹೇಳಿದರೆ ಉರ್ಕಿತ್ತು ಮುಂದೆ ಮಾತಾಡುತ್ತಿರಲಿಲ್ಲ. ಅವಳು ಹೆತ್ತದ್ದು ಐದು, ಉಳಿದದ್ದು ಒಂದು. ನಾಲ್ಕನ್ನೂ ಗಾಳಿಯಲ್ಲಿ ಬಂದು ಕೂಸು ಕದಿಯುವ ರಾಕ್ಷಸಿ ಲಮಷ್ಟು ಒಯ್ದಳೆಂದು ಅವಳ ನಂಬಿಕೆ. ಸೊಸೆಗೆ ಏಳು ತಿಂಗಳು ತುಂಬಿದ ದಿನವೇ ಲಮಷ್ಟುವನ್ನು ಹೆದರಿಸುವ ಕಲ್ಲಿನ ತಾಯಿತವನ್ನು ಚರ್ಮದಲ್ಲಿ ಹೊಲಿಸಿ ತಂದು, ಕೊರಳಿಗೆ ಕಟ್ಟಿ, ಜಾರದಿರಲೆಂದು ಎಡಭುಜದ ಕೆಳಗೆ ಒಳಬಟ್ಟೆಗೆ ತಾಮ್ರದ ಸೂಜಿಯಿಂದ ಸಿಕ್ಕಿಸಿದ್ದಳು. “ಕೂಸಿಗೆ ಹಲ್ಲು ಬರೋತನಕ ತೆಗೀಕೂಡದು. ಸ್ನಾನಕ್ಕೂ ತೆಗೀಕೂಡದು. ಅವಳು ಒಂದು ಗಳಿಗೆಗೆ ಕಾಯ್ತಿರ್ತಾಳೆ.” ಬಾನಿತು ತೆಗೆದಿರಲಿಲ್ಲ.

ಮೂವತ್ತನೆಯ ದಿನಕ್ಕೆ ನಿನೆವೆಯಿಂದ ದೊಡ್ಡಪ್ಪ ಬರುವವರಿದ್ದರು. ಗಂಡನ ತಂದೆಯ ಅಣ್ಣ, ಸಿಲಿಮ್-ಅಶ್ಶೂರ್. ಹುಟ್ಟಿದ ಕೂಸುಗಳನ್ನೂ ಮನುಷ್ಯರ ಹಣೆಗಳನ್ನೂ ಓದಿ ಶಕುನ ಹೇಳುವುದೇ ಅವರ ಕಸುಬು. ಮಾವ ತೀರಿಕೊಂಡಿದ್ದರಿಂದ ಕೂಸನ್ನು ನೋಡಿ ಮನೆತನಕ್ಕೆ ಸೇರಿಸಿ ಹೆಸರಿಡಬೇಕಾದವರು ಅವರೇ. ಒಂದು ದಿನ ಲೀಕ್ ಸೊಪ್ಪು ಸೋಸುತ್ತ ಅತ್ತೆ ಅವರ ಹೆಚ್ಚುಗಾರಿಕೆ ಹೇಳತೊಡಗಿದಳು.

“ಕುಂಬಾರರ ಓಣೀಲಿ ಒಬ್ಬಳಿಗೆ ಬಾಯಲ್ಲಿ ಹಲ್ಲಿಟ್ಟುಕೊಂಡು ಕೂಸು ಹುಟ್ಟಿತ್ತು. ಭಾವ ನೋಡಿದ್ರು. ಶಾಂತಿ ಮಾಡಿಸಿ, ರೊಟ್ಟಿ, ಬಿಯರು, ಹೊದಿಕೆ ಎಲ್ಲಾ ಕೊಟ್ಟು, ಜೊಂಡಿನ ಬುಟ್ಟೀಲಿ ಹೊಳೆಗೆ ಬಿಟ್ರು. ಆ ಮನೆ ಉಳೀತು.”

“ಕೂಸು?”

“ಮನೆ ಉಳೀತು ಅಂದ್ನಲ್ಲ” ಎಂದಳು ಉರ್ಕಿತ್ತು. ಇನ್ನೊಂದು ಕಟ್ಟು ಬಿಚ್ಚಿ, ಸೊಪ್ಪಿನ ಕಡೆಗೇ ನೋಡುತ್ತ, “ಹೆತ್ತವಳು ಸಾಯಂಕಾಲದವರೆಗೂ ದಡದಲ್ಲೇ ನಿಂತಿದ್ಲು” ಎಂದಳು.

ಗಂಡ ನಬೂ-ಲೇಯಿ ನಬೂ ದೇವರ ಗುಡಿಯ ಗ್ರಂಥಮನೆಯಲ್ಲಿ ಹಳೆಯ ಹಲಗೆಗಳನ್ನು ಹೊಸ ಮಣ್ಣಿಗೆ ಇಳಿಸುವವನು. ಮೃದು ಮನುಷ್ಯ. ಮುಚ್ಚಿಡುವುದು ಮಾತ್ರ ಬಾರದು. ಅವನಿಗೆ ಹೇಳಿದರೆ ಅವನು ತಾಯಿಗೆ ಹೇಳುತ್ತಾನೆ, ತಾಯಿ ದೊಡ್ಡಪ್ಪನಿಗೆ. ಹದಿನೈದನೆಯ ದಿನ ಅವನು ಊಟಕ್ಕೆ ಕೂತಾಗ ಬಾನಿತು ರೊಟ್ಟಿ ಮುರಿದು ಹಾಕುತ್ತ ಕೇಳಿದಳು.

“ರೀ, ಹಣೆಯ ಶಕುನದ ಹಲಗೆ ಇಳಿಸ್ತಿದ್ದೀರಲ್ಲ, ಮುಗೀತಾ?”

“ಎಲ್ಲಿ ಮುಗಿಯುತ್ತೆ! ಒಂದೊಂದು ಅಕ್ಷರಕ್ಕೂ ಒಂದೊಂದು ಸಾಲು. ಹಣೆಯ ನೆರಿಗೆ ಈ ಅಕ್ಷರದ ಹಾಗಿದ್ದರೆ ಹೀಗೆ, ಆ ಅಕ್ಷರದ ಹಾಗಿದ್ದರೆ ಹಾಗೆ. ನನ್ನ ಹಣೇಲೇ ಹೊಸ ಅಕ್ಷರ ಮೂಡ್ತಾ ಇದೆ.”

“‘ಬೆ’ ಇದ್ದರೆ ಏನಂತೆ?”

“ಬಲಗಡೆಯಾ, ಎಡಗಡೆಯಾ?”

ಅವಳು ಇನ್ನೊಂದು ತುಂಡು ರೊಟ್ಟಿ ಹಾಕಿದಳು. “ಯಾವುದಾದರೂ. ಎಡಗಡೆ ಅನ್ನಿ.”

“ಬಲಕ್ಕಿದ್ದರೆ ಆಯಸ್ಸು. ಎಡಕ್ಕಿದ್ದರೆ...” ಅವನು ಈರುಳ್ಳಿ ಕಡಿದು ಅಗಿದ. ಅಗಿಯುವುದು ಮುಗಿಯುವಷ್ಟರಲ್ಲಿ ಅವಳು ಮೂರು ಸಲ ಉಸಿರು ಕಟ್ಟಿದ್ದಳು. “ಎಡಕ್ಕಿದ್ದರೆ ಒಡೆದಿದೆ.”

“ಏನು?”

“ಮೂಲ ಹಲಗೆಯ ಆ ಮೂಲೆ ಹೋಗಿದೆ ಮಾರಾಯ್ತಿ. ‘ಒಂದು ವೇಳೆ ಎಡಗಡೆಯಲ್ಲಿ ಬೆ ಇದ್ದರೆ, ಆ ಮನುಷ್ಯ’ ಅಲ್ಲೀವರೆಗೆ ಇದೆ. ಮುಂದೆ ಇಲ್ಲ. ನಾನೂ ‘ಒಡೆದಿದೆ’ ಅಂತ ಬರೆದೆ. ಯಾಕೆ ಕೇಳಿದೆ?”

“ಸುಮ್ಮನೆ. ಅಪ್ಪ ನೆನಪಾದ.”

ಬಲಗಡೆಗೆ ಆಯಸ್ಸು. ಹಾಗಾದರೆ ಎಡಗಡೆಗೆ? ಕುರಿಯ ಪಿತ್ತಕೋಶವಿರಲಿ, ಹಾರುವ ಹಕ್ಕಿಯಿರಲಿ, ಬಲ ನಮ್ಮದು, ಎಡ ಶತ್ರುವಿನದು. ಇದು ನಾಲ್ಕು ಅಕ್ಷರ ಕಲಿತವರಿಗೆಲ್ಲ ಗೊತ್ತು. ಒಡೆದ ಜಾಗದಲ್ಲಿ ಏನಿತ್ತೆಂದು ಊಹಿಸಲು ಪಂಡಿತರೇ ಆಗಬೇಕಿಲ್ಲ. ಆ ಮನುಷ್ಯ ಸಾಯುತ್ತಾನೆ. ಆ ಮನುಷ್ಯ ವರ್ಷ ತುಂಬುವುದಿಲ್ಲ. ಹಿಟ್ಟು ನಾದುವಾಗ ಒಂದು ಸಾಲು ತುಂಬಿಕೊಳ್ಳುತ್ತಿತ್ತು, ನೀರು ತರುವಾಗ ಇನ್ನೊಂದು. ಯಾವ ಸಾಲಿನಲ್ಲೂ ಆ ಮನುಷ್ಯ ಬದುಕುತ್ತಿರಲಿಲ್ಲ.

ಹದಿನೇಳನೆಯ ದಿನ ಅದಕ್ಕಿಂತ ಕೆಟ್ಟದ್ದೊಂದು ಅವಳ ಕಣ್ಣಿಗೆ ಬಿತ್ತು. ಯಾರೂ ಇಲ್ಲದಾಗ ಕುಲಾವಿ ಬಿಚ್ಚಿ ಕುಡಿಸಿದರೆ, ಹಾಲು ಕುಡಿದು ಬಾಯಿ ಬಿಟ್ಟಾಗ ಕೂಸಿನ ಹಣೆಯ ಗುರುತು ಕೆಂಡದಂತೆ ಹೊಳೆಯುತ್ತಿತ್ತು. ನಿದ್ದೆ ಮಾಡಿ ಏಳುವಷ್ಟರಲ್ಲಿ ಮಾಸಿರುತ್ತಿತ್ತು. ಮತ್ತೆ ಹಾಲು, ಮತ್ತೆ ಕೆಂಪು. ಬಲ ಮೊಲೆಯ ತೊಟ್ಟು ನಾಲ್ಕನೆಯ ದಿನವೇ ಬಿರಿದು ರಕ್ತ ಬಂದಿದ್ದರಿಂದ ಎಡಗಡೆಯೇ ಕುಡಿಸುತ್ತಿದ್ದಳು. ಎಡಮೊಲೆ, ಎಡಹಣೆ. ರಕ್ತಕ್ಕೂ ಅದೇ ಅಕ್ಷರ. ತನ್ನ ಹಾಲೇ ಆ ಅಕ್ಷರವನ್ನು ಸಾಕುತ್ತಿದೆ ಎಂಬುದು ಅವಳಿಗೆ ಖಚಿತವಾಯಿತು.

ಅತ್ತೆ ಮಾಳಿಗೆಗೆ ಹೋದಾಗ, ಗುಡಿಗೆ ಹೋದಾಗ, ಬಾನಿತು ಮೊಲೆ ಕೊಡುವ ಬದಲು ಮೇಕೆಯ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ ಹಾಕತೊಡಗಿದಳು. ಅರ್ಧ ಕೆನ್ನೆಗೆ ಇಳಿಯುತ್ತಿತ್ತು. ಇನ್ನರ್ಧವನ್ನು ಕೂಸು ಕಕ್ಕುತ್ತಿತ್ತು. ಅತ್ತೆಯ ಎದುರಿಗೆ ಹೊದಿಕೆ ಮುಚ್ಚಿಕೊಂಡು ಕುಡಿಸುವ ಹಾಗೆ ಕೂರುತ್ತಿದ್ದಳು. ಹಾಲು ಕಟ್ಟಿ ಎದೆ ಕಲ್ಲಾಯಿತು. ನೋವಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಆದರೆ ಮೂರನೆಯ ದಿನ ಕುಲಾವಿ ಬಿಚ್ಚಿ ನೋಡಿದರೆ, ಗುರುತು ಅರ್ಧ ಮಾಸಿತ್ತು!

ಅವಳು ನಕ್ಕಳು. ನಗುತ್ತಲೇ ಕೂಸಿನ ಮುಖ ನೋಡಿದಳು. ಕಣ್ಣು ಒಳಗೆ ಹೋಗಿದ್ದವು. ನೆತ್ತಿಯ ಮೆತ್ತನೆಯ ಜಾಗ ಬಟ್ಟಲಿನಂತೆ ತಗ್ಗಾಗಿತ್ತು. ಅಳಲು ಬಾಯಿ ತೆರೆಯಿತು, ದನಿ ಬರಲಿಲ್ಲ. ಗುರುತು ಮಾಸುತ್ತಿತ್ತು, ಕೂಸೂ ಮಾಸುತ್ತಿತ್ತು. ಕುಡಿಸಿದರೆ ಅಕ್ಷರ ಬೆಳೆಯುತ್ತದೆ, ಹೊಳೆಗೆ ಒಯ್ಯುತ್ತಾರೆ. ಕುಡಿಸದಿದ್ದರೆ ಹೊಳೆಯವರೆಗೂ ಒಯ್ಯಬೇಕಿಲ್ಲ. ಕೂಸನ್ನು ಹಿಡಿದುಕೊಂಡು ಅವಳು ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ನಡೆದಳು. ಎಷ್ಟು ಹೊತ್ತು ನಡೆದಳೋ. ಅತ್ತೆ ಗುಡಿಗೆ ಹೋಗಿದ್ದಳು.

“ಏನ ಬಾನಿತೂ!”

ಪಕ್ಕದ ಮನೆಯ ಅಬೀರಾಹಿ ಬಾಗಿಲಲ್ಲಿ ನಿಂತಿದ್ದಳು, ಸೊಂಟದ ಮೇಲೆ ತನ್ನ ಐದು ತಿಂಗಳ ಮಗಳನ್ನು ಏರಿಸಿಕೊಂಡು. ಪಡುವಣದಿಂದ ಬಂದ ಅರಾಮಿನವರು ಅವರು. “ಎರಡು ದಿನಾ ಆತು, ನಿನ್ನ ಕೂಸಿನ ಅಳು ಕೇಳವಲ್ದಲ್ಲ. ನಮ್ಮ ಮನಿ ಗ್ವಾಡಿ ದಪ್ಪ ಆತೋ, ನಿನ್ನ ಮಗಾ ಶ್ಯಾಣ್ಯಾ ಆದನೋ?”

ಬಾನಿತು ಕೂಸಿನೊಂದಿಗೆ ಅವಳತ್ತ ತಿರುಗಿದಳು. ಅಬೀರಾಹಿಯ ನಗು ನಿಂತಿತು. ಮಗಳನ್ನು ನೆಲಕ್ಕೆ ಬಿಟ್ಟು, ಬಂದು, ಕೂಸನ್ನು ಕಿತ್ತುಕೊಂಡಂತೆ ತೆಗೆದುಕೊಂಡಳು. ಕುಲಾವಿ ಎಳೆದು ಅಂಗಳಕ್ಕೆ ಎಸೆದಳು. ನೆತ್ತಿ ಮುಟ್ಟಿದಳು. “ಯವ್ವಾ! ಏನ ಮಾಡೀಯೇ ಇದಕ್ಕ?” ಎಂದವಳೇ ಗೋಡೆಗೆ ಒರಗಿ ಕೂತು ಮೊಲೆ ಕೊಟ್ಟಳು. ಕೂಸಿಗೆ ಮೊದಲು ಹಿಡಿಯಲು ಬರಲಿಲ್ಲ. ಅಬೀರಾಹಿ ಹಾಲು ಹಿಂಡಿ ತುಟಿ ನೆನೆಸಿದಳು. ಆಮೇಲೆ ಚಪ್ಪರಿಸುವ ಸದ್ದು. ಆಮೇಲೆ ಗುಟುಕು.

ಬಾನಿತು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಗುರುತು, ಎಡಗಡೆ, ಒಡೆದ ಸಾಲು, ದೊಡ್ಡಪ್ಪ, ಹೊಳೆ.

“ನಮ್ಮವರಿಗೆ ಅಕ್ಷರ ಇಪ್ಪತ್ತೆರಡ. ಚರ್ಮದ ಮ್ಯಾಲೆ ಮಸಿಲೆ ಬರೀತಾರ, ತೊಳದ್ರ ಹೋಗ್ತಾವು” ಎಂದಳು ಅಬೀರಾಹಿ. “ನಿಮ್ಮವು ಆರನೂರು, ತೊಳದ್ರೂ ಹೋಗೂದಿಲ್ಲ. ಕೂಸು ಉಪವಾಸ ಸಾಯಾಕತ್ತೈತಿ, ಈಕಿ ಓದಕೋತ ಕುಂತಾಳ!” ಬಯ್ಯುತ್ತಲೇ ಅವಳ ಕಣ್ಣು ಬಾನಿತುವಿನ ಎದೆಗೆ ಹೋಯಿತು. ಬಟ್ಟೆ ಹಾಲಿನಲ್ಲಿ ತೊಯ್ದಿತ್ತು. “ನಿನ್ನ ಎದಿ ನೋಡ್ಕೊ. ಜ್ವರ ಬರ್ತೈತಿ ಹಿಂಗ ಬಿಟ್ರ. ಬಿಚ್ಚು, ಬಿಸಿ ನೀರಿನ ಬಟ್ಟೆ ಇಡೂಣು.”

ಬಾನಿತು ಎಡಭುಜದ ಬಟ್ಟೆ ಸರಿಸಿದಳು. ಅಬೀರಾಹಿ ತಾಯಿತವನ್ನೂ ಸೂಜಿಯನ್ನೂ ಒಂದು ಬದಿಗೆ ಎತ್ತಿದಳು.

“ಇದೇನ ಗಾಯ?”

ಬಾನಿತು ಕತ್ತು ಬಗ್ಗಿಸಿ ನೋಡಿಕೊಂಡಳು. ಊದಿದ ಎದೆಯ ಮೇಲ್ಭಾಗದಲ್ಲಿ, ಸೂಜಿ ಇದ್ದ ಕಡೆ ಒಂದು ಅಡ್ಡಗೀರು. ತಾಯಿತದ ಚರ್ಮದ ಮೂಲೆ ಇದ್ದ ಕಡೆ ಒಂದು ಕೊಕ್ಕೆ. ಅದೇ ಅಳತೆ. ಆದರೆ ತಿರುಗುಮುರುಗು: ಕೂಸಿನ ಹಣೆಯಲ್ಲಿ ಕೊಕ್ಕೆ ಬಲಕ್ಕಿದ್ದರೆ ಇಲ್ಲಿ ಎಡಕ್ಕೆ.

ಚಿಕ್ಕಂದಿನಲ್ಲಿ ಅಪ್ಪನ ಮುದ್ರೆಯ ಉರುಳೆಯನ್ನು ಹಸಿ ಮಣ್ಣಿನ ಮೇಲೆ ಉರುಳಿಸುವುದು ಅವಳ ಕೆಲಸವಾಗಿತ್ತು. ಕಲ್ಲಿನ ಸಿಂಹ ಎಡಕ್ಕೆ ನೋಡಿದರೆ ಮಣ್ಣಿನ ಸಿಂಹ ಬಲಕ್ಕೆ ನೋಡುತ್ತದೆ. ಅದನ್ನು ಅಬೀರಾಹಿಗೆ ಹೇಳಲು ಹೊತ್ತು ಸಿಗಲಿಲ್ಲ. ಹೊರಗೆ ಕತ್ತೆಯ ಗೊರಸಿನ ಸದ್ದು, ಅತ್ತೆಯ ಸಡಗರದ ದನಿ: “ಬನ್ನಿ ಭಾವ, ಬನ್ನಿ! ಇನ್ನೂ ಹತ್ತು ದಿನ ಇದೆ ಅಂದುಕೊಂಡಿದ್ವಿ!”

“ಹೊಳೆ ಉಕ್ಕಿದೆ ಕಣಮ್ಮ. ತೆಪ್ಪದವನು ಹುಟ್ಟನ್ನೇ ಹಾಕಲಿಲ್ಲ, ನೀರೇ ಎತ್ತಿಕೊಂಡು ಬಂತು. ಎಲ್ಲಿ, ನಮ್ಮ ಗಂಡು ಎಲ್ಲಿ?”

ಬಾನಿತು ಬಟ್ಟೆ ಸರಿಮಾಡಿಕೊಳ್ಳುವಷ್ಟರಲ್ಲಿ ಸಿಲಿಮ್-ಅಶ್ಶೂರ್ ಒಳಗೆ ಬಂದಿದ್ದರು. ಕುಳ್ಳಗಿನ ಮುದುಕ, ಕಣ್ಣು ಮಂದ. ಕೂಸನ್ನು ಅಬೀರಾಹಿಯ ಕೈಯಿಂದ ತಾವೇ ತೆಗೆದುಕೊಂಡು ಅಂಗಳದ ಬಿಸಿಲಿಗೆ ನಡೆದರು. ಮೂಗು ತಾಗುವಷ್ಟು ಹತ್ತಿರ ಹಿಡಿದು ಕೈ, ಕಾಲು, ಕಿವಿ ನೋಡಿದರು. ಹಣೆಗೆ ಬಂದಾಗ ಅವರ ತಲೆ ಅಲ್ಲೇ ನಿಂತಿತು.

“ಎಡಗಡೆ” ಎಂದರು. “‘ಬೆ’.”

ಉರ್ಕಿತ್ತು ಎರಡೂ ಕೈಯಿಂದ ತಲೆಗೂದಲು ಹಿಡಿದುಕೊಂಡು ಕೂತುಬಿಟ್ಟಳು. “ನಾಲ್ಕು ಹೋದ್ವು. ಇದೂ ಹೋಯ್ತಾ ಭಾವ?”

ಮುದುಕ ನೆಲದ ಮೇಲೆ ಬಿದ್ದಿದ್ದ ಕುಲಾವಿಯನ್ನು ನೋಡಿದರು, ಆಮೇಲೆ ಬಾನಿತುವನ್ನು. “ನೀನು ಉಬ್ರುವಿನ ಮಗಳಲ್ವೇನಮ್ಮ? ಮೊದಲು ಓದಿದ್ದು ನೀನು.”

“ಹೌದು ದೊಡ್ಡಪ್ಪ.”

“ಏನಂತ ಓದಿದೆ?”

“ಸಾಯುತ್ತೆ ಅಂತ.”

“ಹಲಗೇಲಿ ಹಾಗಿದೆಯಾ?”

“ಹಲಗೇಲಿ... ಒಡೆದಿದೆ.”

“ನಿನೆವೆಯ ಹಲಗೇಲೂ ಒಡೆದಿದೆ. ನಲವತ್ತು ವರ್ಷದಿಂದ ಹುಡುಕ್ತಿದ್ದೀನಿ, ಆ ತುಂಡು ಯಾರ ಹತ್ರವೂ ಇಲ್ಲ. ನಿನ್ನ ಹತ್ರ ಎಲ್ಲಿಂದ ಬಂತು?” ದನಿಯಲ್ಲಿ ವ್ಯಂಗ್ಯವಿತ್ತು, ಕೋಪವಿರಲಿಲ್ಲ. “ಸಾಲು ಒಡೆದಿರಬಹುದು, ಗುರುತು ಇದೆಯಲ್ಲ. ಗುರುತು ಬಂದ ಮೇಲೆ ನಾನು ಸುಮ್ಮನಿರೋ ಹಾಗಿಲ್ಲ. ಶಾಂತಿ ಆಗಬೇಕು. ಹೊಳೆಯ ದಡದಲ್ಲಿ.”

ಹೊಳೆ ಎಂಬ ಮಾತು ಕಿವಿಗೆ ಬಿದ್ದದ್ದೇ ಬಾನಿತುವಿನ ಕೈಗೆ ಜೀವ ಬಂತು. ಅಂಗಳದ ಮೂಲೆಯ ಗುಡಾಣದಲ್ಲಿ ಗಂಡ ಹಲಗೆಗೆಂದು ನಾದಿ ಒದ್ದೆ ಬಟ್ಟೆ ಮುಚ್ಚಿಟ್ಟ ಮಣ್ಣಿತ್ತು. ಒಂದು ಹಿಡಿ ಕಿತ್ತು ಅಂಗೈಯಲ್ಲಿ ತಟ್ಟಿದಳು. ಕೊರಳಿಗೆ ಕೈ ಹಾಕಿ ದಾರ ಎಳೆದಳು.

“ತೆಗೀಬೇಡ್ವೇ!” ಉರ್ಕಿತ್ತು ಚೀರಿದಳು. “ಲಮಷ್ಟು! ಕೂಸು ಹೊರಗಿದೆ, ತೆಗೀಬೇಡ್ವೇ!”

ಬಾನಿತುವಿನ ಕಿವಿಯ ಹಿಂದೆಯೇ ಯಾರೋ ಬಂದು ನಿಂತಂತಿತ್ತು. ದಾರ ಹರಿಯಿತು. ಸೂಜಿಯನ್ನೂ ತಾಯಿತವನ್ನೂ ಎದೆಯ ಮೇಲೆ ಹೇಗಿದ್ದವೋ ಹಾಗೆಯೇ ಜೋಡಿಸಿ, ಹೊರಮೈ ಕೆಳಗಾಗಿ ಮಣ್ಣಿನ ಮೇಲಿಟ್ಟು ಅಂಗೈಯಿಂದ ಒತ್ತಿ, ಎತ್ತಿದಳು.

ಮಣ್ಣಿನಲ್ಲಿ ಮಲಗಿದ ಬೆಣೆಯೊಂದು, ಮೂಲೆಯ ಬೆಣೆಯೊಂದು.

“ಹಾಲ್ ಕುಡಿಸುವಾಗ ದೊಡ್ಡಪ್ಪ... ಎಡಗಡೆಯೇ ಕುಡಿಸ್ತಿದ್ದೆ... ಅವನ ಹಣೆ ಇದಕ್ಕೆ ಒತ್ತುತ್ತಿತ್ತು. ಬರೆದದ್ದು ನಾನು. ದೇವರಲ್ಲ, ನಾನು.”

ಸಿಲಿಮ್-ಅಶ್ಶೂರ್ ಮಣ್ಣನ್ನು ಇಸಿದುಕೊಂಡರು. ಮಣ್ಣು ನೋಡಿದರು, ಹಣೆ ನೋಡಿದರು, ಮತ್ತೆ ಮಣ್ಣು. ಹೆಬ್ಬೆರಳಿಂದ ಕೂಸಿನ ಹಣೆಯನ್ನು ಒಮ್ಮೆ ಒತ್ತಿ ಬಿಟ್ಟರು. ಬೆಳ್ಳಗಾಗಿ ಮತ್ತೆ ಕೆಂಪಾಯಿತು. ಬಾಗಿಲಲ್ಲಿ ಅಬೀರಾಹಿ ತನ್ನ ಮಗಳ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

“ಹಾಗನ್ನಿಸುತ್ತೆ” ಎಂದರು ಕೊನೆಗೆ. “ಅನ್ನಿಸೋದರ ಮೇಲೆ ನಾನು ಹೇಳೋ ಹಾಗಿಲ್ಲ. ನಾಳೆ ಮಧ್ಯಾಹ್ನ, ಇದೇ ಬಿಸಿಲಲ್ಲಿ ಇನ್ನೊಂದು ಸಲ ನೋಡ್ತೀನಿ. ತಾಮ್ರ ಬರೆದಿದ್ದರೆ ಮಾಸಿರುತ್ತೆ. ಅಲ್ಲೀತನಕ ತಾಯಿತ ನಿನ್ನ ಎದೆ ಮೇಲೆ ಬೇಡ. ಹೊಟ್ಟೆ ತುಂಬ ಕುಡಿಸು.”

“ಮಾಸಿಲ್ಲ ಅಂದ್ರೆ?”

ಅವರು ಕೂಸನ್ನು ಅವಳ ಕೈಗಿಟ್ಟು ಕಾಲು ತೊಳೆಯಲು ಹೋದರು.

ಆ ಒಂದು ಹಗಲು, ಒಂದು ರಾತ್ರಿ. ಬಾನಿತು ಕುಡಿಸಿದಳು. ಬಿರಿದ ಬಲಮೊಲೆಗೂ ಹಾಕಿದಳು, ತುಟಿ ಕಚ್ಚಿಕೊಂಡು. ಕುಡಿಸಿದಾಗಲೆಲ್ಲ ಹಣೆಗಿಂತ ಮೊದಲು ಬಾಗಿಲು ನೋಡುತ್ತಿದ್ದಳು. ಈಗ ಅವಳ ಮೈಮೇಲೆ ಏನೂ ಇರಲಿಲ್ಲ. ಕೂಸು ಕದಿಯುವವಳಿಗೆ ಒಂದು ಗಳಿಗೆ ಸಾಕು. ಗುರುತು ಹೋಗಿ ಕೂಸೂ ಹೋದರೆ? ಹೊಸಿಲ ಮೇಲೆ ಏನೋ ಕಪ್ಪಗೆ ಕೂತಿರುವುದನ್ನು ಕಂಡು ಅವಳು ಒಮ್ಮೆ ಕೂಗಿಯೇಬಿಟ್ಟಳು.

“ನಾನು ಕಣೇ” ಎಂದಳು ಅತ್ತೆ. ಹರಿದ ದಾರಕ್ಕೆ ಗಂಟು ಹಾಕಿ ತಾಯಿತವನ್ನು ತನ್ನ ಕೊರಳಿಗೆ ಕಟ್ಟಿಕೊಂಡು, ಒನಕೆಯನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡು ಉರ್ಕಿತ್ತು ಹೊಸಿಲಲ್ಲೇ ಕೂತಿದ್ದಳು. “ಬರಲಿ ಅವಳು. ನಾಲ್ಕರ ಬಾಕಿ ಇದೆ ನಂದು ಅವಳ ಹತ್ರ. ನೀನು ಕುಡಿಸು.”

ಮಾರನೆಯ ಮಧ್ಯಾಹ್ನ ನಬೂ-ಲೇಯಿ ಗುಡಿಗೆ ಹೋಗದೆ ಉಗುರು ಕಚ್ಚುತ್ತ ಅಂಗಳದಲ್ಲಿ ನಿಂತಿದ್ದ. ದೊಡ್ಡಪ್ಪ ಕೂಸನ್ನು ಬಿಸಿಲಿಗೆ ಹಿಡಿದರು. ನೋಡಿಯೇ ನೋಡಿದರು. ಕೊಕ್ಕೆ ಇರಲಿಲ್ಲ. ಅಡ್ಡಗೀರು ಮಾತ್ರ, ನೂಲಿನೆಳೆಯಷ್ಟು, ಉಳಿದಿತ್ತು.

“ಒಂದು ಬೆಣೆ ಇದೆ ಇನ್ನೂ” ಎಂದರು.

ಬಾನಿತು ಮುಂದೆ ಬಂದು ಬಗ್ಗಿ ನೋಡಿದಳು.

“ಒಂದೇ ಬೆಣೆ ಅಂದ್ರೆ ಏನಮ್ಮ, ಉಬ್ರುವಿನ ಮಗಳೇ?”

“‘ಒಂದು’” ಎಂದಳು.

“ಹೂಂ. ಒಬ್ಬ ಮೊಮ್ಮಗ. ಅಷ್ಟೇ ಬರೆದಿದೆ.” ಕೂಸು ಅವರ ಗಡ್ಡ ಹಿಡಿದು ಎಳೆಯಿತು. “ಅಯ್ಯಯ್ಯೋ, ಬಿಡೋ! ಹಾಲು ಕುಡಿದು ಸೊಕ್ಕು ಬಂದಿದೆ ಇವನಿಗೆ.” ನಬೂ-ಬಲ್ಲಿತನ್ನಿ ಎಂದು ಹೆಸರಿಟ್ಟರು, ನಬೂ ದೇವರೇ, ನನ್ನನ್ನು ಬದುಕಿಸು ಎಂದರ್ಥ. ಉರ್ಕಿತ್ತು ಒನಕೆ ಹಿಡಿದುಕೊಂಡೇ ಅತ್ತಳು. ಗೋಡೆಯಾಚೆಯಿಂದ ಅಬೀರಾಹಿ ಕೂಗಿದಳು: “ಏನಾತ? ಯಾರರೆ ಹೇಳ್ರಿ!”

ತಾಯಿತ ತೊಟ್ಟಿಲ ಮೇಲಿನ ಗೂಟಕ್ಕೆ ಹೋಯಿತು. ನೂಲಿನೆಳೆಯೂ ಮೂರು ದಿನದಲ್ಲಿ ಹೋಯಿತು. ಮಣ್ಣಿನ ಮುದ್ದೆಯನ್ನು ಬಾನಿತು ಸುಡಲಿಲ್ಲ, ಎಸೆಯಲೂ ಇಲ್ಲ; ಗೂಡಿನಲ್ಲಿ ಒಣಗಿ, ಬಿರಿದು, ವರ್ಷ ಕಳೆದಂತೆ ಅಂಚಿನಿಂದ ಉದುರುತ್ತ ಬಂತು.

ಹುಡುಗ ಬೆಳೆದ. ಏಳನೆಯ ವರ್ಷ ತನ್ನ ಮೊದಲ ಹಲಗೆಯನ್ನು ಅಮ್ಮನಿಗೆ ತೋರಿಸಲು ಓಡಿ ಬಂದ. ಐದು ಸಾಲು, ಐದು ಸಾಲಿನಲ್ಲೂ ಒಂದೇ ಅಕ್ಷರ, ಒಂದಕ್ಕಿಂತ ಒಂದು ಸೊಟ್ಟ. ಬಾನಿತು ಚೆನ್ನಾಗಿದೆ ಎಂದಳು. ಹೇಳುತ್ತಲೇ ಅವನ ಎಡಗಡೆಯ ಕೂದಲನ್ನು ಸರಿಸಿ ಹಣೆ ನೋಡಿದಳು.

“ಏನಮ್ಮಾ ನೋಡ್ತೀಯ ದಿನಾ?”

“ಮಣ್ಣು ಮೆತ್ತಿಕೊಂಡಿದೆ.”

ಅವನು ಓಣಿಯ ಹುಡುಗರ ಜೊತೆ ಹೊಳೆಯ ಕಡೆಗೆ ಹೋದ. ಬಿಸಿಲು ಇಳಿಯಿತು. ಉಳಿದವರ ಮಕ್ಕಳು ಬಂದರು, ಇವನು ಬರಲಿಲ್ಲ. ಈರುಳ್ಳಿ ಹೆಚ್ಚುತ್ತಿದ್ದ ಬಾನಿತುವಿನ ಮನಸ್ಸು ತನ್ನಷ್ಟಕ್ಕೆ ಸಾಲು ಶುರುಮಾಡಿತು. ಒಂದು ವೇಳೆ ಹುಡುಗ ಹೊಳೆಯಿಂದ ಹೊತ್ತಿಗೆ ಬಾರದಿದ್ದರೆ, ಆ ಮನುಷ್ಯ...

“ಒಡೆದಿದೆ” ಎಂದಳು ಗಟ್ಟಿಯಾಗಿ.

“ಏನು ಒಡೀತೇ?” ಎಂದಳು ಒಳಗಿನಿಂದ ಕಿವಿ ಮಂದವಾದ ಅತ್ತೆ.

“ಏನಿಲ್ಲ ಅತ್ತೆ.” ಇನ್ನೊಂದು ಈರುಳ್ಳಿ ತೆಗೆದುಕೊಂಡಳು. ಬಾಗಿಲ ಕಡೆಗೆ ಮುಖ ಮಾಡಿ ಕೂತಳು.